ಹೆಜ್ಜೆ ಕೇಳುವ ವಾಲ್ವ್

ಮಾರ್ಚ್ 3, ಸೋಮವಾರ

ಕೊನೆಯ ನೆಂಟರೂ ಇವತ್ತು ಬೆಳಗ್ಗೆ ಜಾಗ ಖಾಲಿ ಮಾಡಿದರು. ಹನ್ನೆರಡು ದಿನದಿಂದ ಈ ಮನೆಯಲ್ಲಿ ಒಬ್ಬರೂ ಮೆಲ್ಲಗೆ ನಡೆದಿಲ್ಲ. ಮರದ ಹಾಸಿನ ಮಹಡಿ ಇದು, ಕಾಲಿಟ್ಟಲ್ಲೆಲ್ಲ ಕಿರ್ರೆನ್ನುತ್ತದೆ ಎಂದು ಎಷ್ಟು ಸಲ ಹೇಳುವುದು? ಹೆಂಡತಿ ಸತ್ತವನ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ಬರೆಯುತ್ತಿರುವುದು ರಿಪೇರಿ ನೋಟ್‌ಬುಕ್ಕಿನ ಹಿಂಭಾಗದಲ್ಲಿ. ಮುಂಭಾಗದಲ್ಲಿ ಯಾರ ಆಂಪ್ಲಿಫೈಯರ್ ಬಂತು, ಏನು ಕೆಟ್ಟಿತ್ತು, ಏನು ಮಾಡಿದೆ ಎಂಬುದೆಲ್ಲ ಇದೆ. ಇಂಥ ಹದಿನಾಲ್ಕು ನೋಟ್‌ಬುಕ್ ತುಂಬಿಸಿದ್ದೇನೆ, ಒಂದರಲ್ಲೂ ಮನೆಯ ವಿಷಯ ಒಂದು ಸಾಲಿಲ್ಲ. ನಾದಿನಿ ಹೊರಡುವಾಗ, “ಭಾವ, ನೀವಂತೂ ಯಾರ ಹತ್ರನೂ ಬಾಯಿ ಬಿಡಲ್ಲ. ಬರೀರಿ ಆದ್ರೂ, ಎದೆ ಹಗುರಾಗುತ್ತೆ” ಎಂದಳು. ಎದೆ ಹಗುರವಾಗಲು ಅದರಲ್ಲಿ ಭಾರವೇನಿದೆ ಎಂದು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ, ಆಗಲಿ ಎಂದೆ. ಸತ್ತವಳು ಅವಳಿಗಿದ್ದ ಒಬ್ಬಳೇ ಅಕ್ಕ.

ಅಕ್ಕನ ಬಟ್ಟೆಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿದಳು. ಮಂಚದ ಕೆಳಗಿದ್ದ, ಅಡಿಗೆ ಕಂಬಳಿ ಬಟ್ಟೆ ಹೊಲಿದ ಚಪ್ಪಲಿಗೆ ಕೈ ಹಾಕಿದಾಗ ಮಾತ್ರ, “ಅದು ಅಲ್ಲೇ ಇರ್ಲಿ” ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ.

ಸಂಜೆ ನಾನೇ ಚಹಾ ಮಾಡಿಕೊಂಡು ಹಬೆಯಾಡುವಾಗಲೇ ಕುಡಿದೆ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ನನ್ನ ಕೆಲಸದ ಮೇಜಿಗೆ ಒಂದು ದಿನವೂ ಬಿಸಿ ಚಹಾ ಬಂದದ್ದಿಲ್ಲ. ಎಲ್ಲದರಲ್ಲೂ ಅಚ್ಚುಕಟ್ಟು ನನ್ನ ಹೆಂಡತಿ, ಅದೊಂದು ಮಾತ್ರ ಅವಳ ಕೈಗೆ ಹತ್ತಲೇ ಇಲ್ಲ. ಹೇಳಿ ಹೇಳಿ ನನಗೇ ಸಾಕಾಗಿತ್ತು. ಇವತ್ತು ನಾಲಿಗೆ ಸುಟ್ಟುಕೊಂಡೆ.

ಮಾರ್ಚ್ 5, ಬುಧವಾರ

ಅವಳು ಹೋದ ಮೇಲೆ ಮೊದಲ ಸಲ ಆಂಪ್ಲಿಫೈಯರ್ ಹಚ್ಚಿದೆ. ನಾನೇ ಕಟ್ಟಿದ್ದು, ಬಲ್ಬಿನ ಹಾಗಿರುವ ಗಾಜಿನ ಆರು ವಾಲ್ವ್‌ಗಳದು. ಬೆಳಕು ಕೆಂಪಗೆ ಮೂಡುವವರೆಗೆ ಕಾದು, ರೆಕಾರ್ಡಿನ ಮೇಲೆ ಮುಳ್ಳಿಟ್ಟು, ನೀರು ಕುಡಿಯಲು ಅಡುಗೆಮನೆಯತ್ತ ಹೊರಟೆ. ಸ್ಪೀಕರಿನಿಂದ ಠಿಂಗ್ ಎಂದಿತು. ನಿಂತೆ, ಸದ್ದೂ ನಿಂತಿತು. ಮತ್ತೊಂದು ಹೆಜ್ಜೆ ಇಟ್ಟೆ, ಮತ್ತೆ ಠಿಂಗ್. ನನ್ನ ಹೆಜ್ಜೆಯನ್ನೇ ಎಣಿಸಿ ನನಗೇ ಒಪ್ಪಿಸುತ್ತಿತ್ತು.

ರೋಗದ ಗುರುತು ಸಿಕ್ಕಿತು. ಮೊದಲನೆಯ ವಾಲ್ವ್ ಮೈಕ್ರೋಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೆಲ್ಲ ಸದ್ದು ಮಾಡುತ್ತದೆ. ಹಿಂದೊಮ್ಮೆ ಇದೇ ಜಾಗದ ವಾಲ್ವ್‌ಗೆ ಇದೇ ರೋಗ ಬಂದಿತ್ತು. ಹೊಸದು ಡಬ್ಬಿಯಲ್ಲಿದೆ, ಬದಲಿಸಲು ಐದು ನಿಮಿಷ ಸಾಕು. ನಾಳೆ ನೋಡೋಣ.

ಮಾರ್ಚ್ 8, ಶನಿವಾರ

ಬದಲಿಸಲಿಲ್ಲ. ಏನೂ ಮಾಡಲಿಲ್ಲ.

ಕೆಳಗಿನ ಟೈಲರ್ ಹೊಲಿಗೆ ಮೆಷಿನ್ ನಿಲ್ಲಿಸಿಬಿಟ್ಟಿದ್ದಾನೆ, ಕೈಯಲ್ಲೇ ಹೊಲಿಯುತ್ತಾನಂತೆ. ಮೇಲೆ ಸಾವಾಗಿದೆ, ಸದ್ದು ಮಾಡಬಾರದು ಎಂಬ ಮರ್ಯಾದೆ. ಮೊದಲಾದರೆ ನಾನು ರೆಕಾರ್ಡಿನಿಂದ ಕ್ಯಾಸೆಟ್‌ಗೆ ಇಳಿಸುವಾಗ ಹಿಮ್ಮಡಿಯಿಂದ ಎರಡು ಸಲ ನೆಲ ಕುಟ್ಟಬೇಕಿತ್ತು, ಆಮೇಲೆ ಅವನ ಮೆಷಿನ್ ನಿಲ್ಲುತ್ತಿತ್ತು. ಹೆಂಡತಿಗೆ ಅಷ್ಟೂ ಬೇಕಿರಲಿಲ್ಲ. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಿದ್ದೆ. ಹಿಂದೆ ಹಲಗೆ ಕಿರ್ರೆಂದರೆ ತಿರುಗಿಯೂ ನೋಡದೆ ಅಂಗೈ ಎತ್ತುತ್ತಿದ್ದೆ, ಅಷ್ಟೇ. ಸದ್ದು ಅಲ್ಲಿಗೇ ನಿಲ್ಲುತ್ತಿತ್ತು. ಇಷ್ಟು ಶಿಸ್ತಿನ ಮನೆ ಇನ್ನೆಲ್ಲಿದೆ ಎಂದು ಸ್ನೇಹಿತರ ಮುಂದೆ ಬೀಗಿದ್ದೇನೆ.

ಈಗ ಮೇಲೂ ಸದ್ದಿಲ್ಲ, ಕೆಳಗೂ ಸದ್ದಿಲ್ಲ. ಕೇಳಿಕೊಂಡು ಬಂದದ್ದೆಲ್ಲ ಸಿಕ್ಕಂತಾಯಿತು.

ಮಾರ್ಚ್ 14, ಶುಕ್ರವಾರ

ಹಲ್ಲಿನ ಡಾಕ್ಟರು ಆಂಪ್ಲಿಫೈಯರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಸಂತಾಪದ ಮಾತು ಎರಡು ಹೇಳಿ ನೇರ ವಿಷಯಕ್ಕೆ ಬಂದರು. ಆ ಮನುಷ್ಯನಲ್ಲಿ ನನಗೆ ಹಿಡಿಸುವುದೇ ಅದು.

“ನಮ್ಮನೇಲಿ ಇದು ತಾನಾಗೇ ಹಾಡುತ್ತೆ ಕಣ್ರೀ. ಹೆಂಡ್ತಿ ಮೇಜಿನ ಡ್ರಾಯರ್ ಮುಚ್ಚಿದ್ರೆ ಸಾಕು, ನಾಯಿಮರಿ ಹಾಗೆ ಕುಂಯ್ ಅನ್ನುತ್ತೆ. ಅಷ್ಟು ಜೋರಾಗಿ ಯಾಕೆ ಹಾಕ್ತೀಯಾ ಅಂತ ದಿನಾ ಜಗಳ. ನೆನ್ನೆ ಅವಳು ತಟ್ಟೆ ಕುಕ್ಕಿದ್ಲು, ಅದಕ್ಕೂ ಹಾಡ್ತು.”

ಮುಚ್ಚಳ ತೆಗೆದು, ಯಂತ್ರ ಹಚ್ಚಿ, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ವಾಲ್ವ್‌ಗಳನ್ನು ಒಂದೊಂದಾಗಿ ತಟ್ಟುತ್ತ ಬಂದೆ. ನಾಲ್ಕು ವಾಲ್ವ್ ಸುಮ್ಮನಿದ್ದವು. ಐದನೆಯದನ್ನು ತಟ್ಟಿದ ಕೂಡಲೇ ಸ್ಪೀಕರ್ ಕುಂಯ್ ಎಂದಿತು.

“ಅಯ್ಯೋ, ನಾವೂ ಹೀಗೇ! ಯಾವ ಹಲ್ಲು ಅಂತ ಗೊತ್ತಾಗ್ದೆ ಇದ್ರೆ ತಟ್ಟಿ ನೋಡ್ತೀವಿ, ಪೇಷೆಂಟು ಕುಂಯ್ ಅಂತಾನೆ” ಎಂದು ಡಾಕ್ಟರು ಖುಷಿಪಟ್ಟರು.

ವಾಲ್ವ್ ಕಳಚಿ ಬೆಳಕಿಗೆ ಹಿಡಿದು ತೋರಿಸಿದೆ. ಗಾಜಿನೊಳಗೆ ಕೂದಲಿಗಿಂತ ಸಣ್ಣ ತಂತಿಯ ಜಾಲರಿ ಇರುತ್ತದೆ. ಅದನ್ನು ಅಭ್ರಕದ ತೆಳು ಬಿಲ್ಲೆಗಳು ಬಿಗಿಯಾಗಿ ಹಿಡಿದಿರುತ್ತವೆ. ಕಾದು ಆರಿ, ಕಾದು ಆರಿ, ವರ್ಷಗಳಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಹೊರಗೆ ಏನು ಅಲುಗಿದರೂ ಒಳಗೆ ಜಾಲರಿ ನಡುಗುತ್ತದೆ, ಆ ನಡುಕವೇ ಕರೆಂಟಾಗಿ ಹಾಡಿನ ಜೊತೆ ಸೇರಿಕೊಳ್ಳುತ್ತದೆ. ವಾಲ್ವೇ ಒಂದು ಮೈಕ್ ಆದ ಹಾಗೆ. ಅದರಲ್ಲೂ ಮೊದಲ ಜಾಗದ ವಾಲ್ವ್ ಹೀಗಾದರೆ ಮುಂದಿನವೆಲ್ಲ ಸೇರಿ ಅದರ ನಡುಕವನ್ನೇ ದೊಡ್ಡದು ಮಾಡಿ ಕೂಗುತ್ತವೆ. ಹತ್ತಿರದಲ್ಲಿ ಗಟ್ಟಿಯಾಗಿ ಮಾತಾಡಿದರೆ ಮಾತೂ ಕೇಳಿಸುತ್ತದೆ, ಡಬ್ಬಿಯೊಳಗಿಂದ ಆಡಿದ ಹಾಗೆ.

“ಹಾಗಾದ್ರೆ ಡ್ರಾಯರ್‌ದು ತಪ್ಪಲ್ಲ?”

“ಡ್ರಾಯರ್‌ದೂ ಅಲ್ಲ, ಅದನ್ನ ಹಾಕಿದವರದ್ದೂ ಅಲ್ಲ. ಮನೆ ಅಂದ್ಮೇಲೆ ಜನ ಓಡಾಡ್ತಾರೆ. ವಾಲ್ವ್ ಗಟ್ಟಿ ಇರ್ಬೇಕು.”

ಡಾಕ್ಟರು ಅಲ್ಲೇ ನನ್ನ ಫೋನೆತ್ತಿ ಮನೆಗೆ ಮಾತಾಡಿದರು. “ಲೇ, ನಿಂದೇನೂ ತಪ್ಪಿಲ್ವಂತೆ ಕಣೇ. ವಾಲ್ವ್ ಸಡಿಲ ಆಗಿತ್ತಂತೆ. ನಾನೇ ದಡ್ಡ. ಆಯ್ತು, ಆಯ್ತು, ಬಂದು ಬೈಸ್ಕೋತೀನಿ.” ಆ ಕಡೆಯಿಂದ ನಗು ಕೇಳಿಸಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

ಅವರು ಹೋದ ಮೇಲೆ ಬಾಗಿಲು ಹಾಕಿ ಅಲ್ಲೇ ನಿಂತಿದ್ದೆ. ಊಟ ಸೇರಲಿಲ್ಲ.

ಮಾರ್ಚ್ 16, ಭಾನುವಾರ

ಬೆಳಗ್ಗೆ ಟೈಲರ್ ಮೇಲೆ ಬಂದ. ಕಾಗದದ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಅಮ್ಮಾವ್ರು ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಹೇಳಿದ್ರು, ಅಡಿ ಸವೆದಿದೆ, ಇನ್ನೊಂದು ಜೊತೆ ಹೊಲಿದಿಡಿ ಅಂತ. ಹೊಲಿದಾಗಿತ್ತು. ನಾನಿಟ್ಕೊಂಡು ಏನ್ ಮಾಡ್ಲಿ?”

ಕಂಬಳಿ ಬಟ್ಟೆಯ ಅಡಿ ಇರುವ ಹೊಸ ಚಪ್ಪಲಿ. ಇಸಿದುಕೊಂಡೆ. ಅವನು ಇಳಿದುಹೋದ.

ಇನ್ನು ಬರೆಯದೆ ನಿರ್ವಾಹವಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಒಳ್ಳೆಯ ರೆಕಾರ್ಡ್ ಎರವಲು ತಂದು ಇದೇ ಆಂಪ್ಲಿಫೈಯರ್ ಮೂಲಕ ಕ್ಯಾಸೆಟ್‌ಗೆ ಇಳಿಸಿಕೊಳ್ಳುವುದು ಆಗ ನನ್ನ ಹುಚ್ಚು. ಇಳಿಸುವಾಗ ಸ್ಪೀಕರ್ ಬಂದ್ ಮಾಡಿ, ಮೀಟರಿನ ಮುಳ್ಳು ನೋಡುತ್ತ ಕೂರುತ್ತಿದ್ದೆ. ಆ ವರ್ಷ ಯಾವ ಕ್ಯಾಸೆಟ್ ಹಾಕಿ ಕೇಳಿದರೂ ಹಾಡಿನ ಮಧ್ಯೆ ಠಿಂಗ್, ಠಿಂಗ್. ಅವಳ ಹೆಜ್ಜೆ ಎಂದು ಪತ್ತೆ ಹಚ್ಚಿದೆ. ಕೂಗಾಡಿದೆ. “ಆನೆ ನಡೆದ ಹಾಗೆ ನಡೀತೀಯಲ್ಲೇ, ಮೆಲ್ಲಗೆ ಕಾಲಿಡೋಕೆ ಬರಲ್ವಾ?” ಎಂದೆ. ನಲವತ್ತೈದು ಕಿಲೋ ಇದ್ದಿರಬಹುದು ಅವಳು. ಟೈಲರ್‌ಗೆ ಹೇಳಿ ಕಂಬಳಿ ಬಟ್ಟೆಯ ಅಡಿ ಕೊಟ್ಟು ಚಪ್ಪಲಿ ಹೊಲಿಸಿ ತಂದುಕೊಟ್ಟೆ. “ಇವ್ರು ನಂಗೋಸ್ಕರ ಹೇಳಿ ಮಾಡ್ಸಿದ್ದು” ಎಂದು ಬಂದವರಿಗೆಲ್ಲ ಕಾಲು ಮುಂದೆ ಮಾಡಿ ತೋರಿಸುತ್ತಿದ್ದಳು.

ಮೂರು ವಾರದ ಮೇಲೆ ಪೆನ್ಸಿಲ್ಲಿನಿಂದ ತಟ್ಟಿ ನೋಡಿದೆ. ಮೊದಲ ವಾಲ್ವ್ ಸಡಿಲವಾಗಿತ್ತು. ಹೊಸದು ಹಾಕಿದೆ. ಅವಳು ಮನೆ ತುಂಬ ಕುಣಿದಾಡಿದ್ದರೂ ಆಮೇಲೆ ಕ್ಯಾಸೆಟ್‌ಗೆ ಏನೂ ಆಗುತ್ತಿರಲಿಲ್ಲ.

ಅವಳಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಮನೆ ನಿಶ್ಶಬ್ದವಾಗಿತ್ತು, ನನಗೆ ಹಿತವಾಗಿತ್ತು, ಹೇಳಲಿಲ್ಲ. ಹತ್ತೊಂಬತ್ತು ವರ್ಷ ಅವಳು ತನ್ನ ಮನೆಯಲ್ಲೇ ಕಳ್ಳಹೆಜ್ಜೆ ಹಾಕಿಕೊಂಡು ಬದುಕಿದಳು. ಆಸ್ಪತ್ರೆಯಲ್ಲೂ ಅದೇ ಚಪ್ಪಲಿ. “ಅಮ್ಮ ಬಂದಿದ್ದೇ ಗೊತ್ತಾಗಲ್ಲ” ಎಂದು ನರ್ಸ್ ನಕ್ಕಿದ್ದಳು. ಅವಳ ಪ್ರಾಣ ಹೋದದ್ದೂ ಹಾಗೆಯೇ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ, ಗೊತ್ತಾಗಲಿಲ್ಲ.

ಮಾರ್ಚ್ 22, ಶನಿವಾರ

ಆರು ದಿನದಿಂದ ಕ್ಯಾಸೆಟ್ ಕೇಳುತ್ತಿದ್ದೇನೆ. ಮುನ್ನೂರ ಹನ್ನೆರಡು ಇವೆ. ಹಾಡು ಯಾರಿಗೆ ಬೇಕು? ಹಾಡು ಶುರುವಾಗುವ ಮೊದಲಿನ ಐದು ಸೆಕೆಂಡು, ಎರಡು ಹಾಡಿನ ನಡುವಿನ ಜಾಗ, ಕೊನೆಯಲ್ಲಿ ಉಳಿದ ಟೇಪು, ಅಷ್ಟನ್ನೇ ಕಿವಿಯಿಟ್ಟು ಕೇಳುತ್ತೇನೆ. ಎಲ್ಲಾದರೂ ಒಂದು ಬಳೆಯ ಸದ್ದು, ಒಂದು ಕೆಮ್ಮು, ಅಡುಗೆಮನೆಯಲ್ಲಿ ಒಂದು ಚಮಚ ಬಿದ್ದದ್ದು ಸಿಕ್ಕರೆ ಸಾಕು.

ಏನೂ ಇಲ್ಲ, ಅಪ್ಪಟ ಕೆಲಸ. ದನಿಯ ಯಂತ್ರಗಳನ್ನು ರಿಪೇರಿ ಮಾಡುವವನ ಮನೆಯಲ್ಲಿ ಇಪ್ಪತ್ತೇಳು ವರ್ಷ ಇದ್ದವಳ ದನಿ ಒಂದು ಗೇಣು ಟೇಪಿನಲ್ಲೂ ಇಲ್ಲ. ನಾನೇ ಜೋಪಾನವಾಗಿ ಅವಳನ್ನು ಹೊರಗಿಟ್ಟಿದ್ದೇನೆ. ಅವಳು “ರೀ” ಎಂದು ಕರೆಯುತ್ತಿದ್ದದ್ದನ್ನು ನೆನಪಿನಲ್ಲಿ ತರಿಸಿಕೊಳ್ಳಲು ಹೋದರೆ ಇವತ್ತು ನಾದಿನಿಯ ದನಿಯಲ್ಲಿ ಕೇಳಿಸಿತು.

ಮಾರ್ಚ್ 23, ಭಾನುವಾರ

ಹಳೆಯ ನೋಟ್‌ಬುಕ್ ತೆಗೆದೆ. ಆ ವರ್ಷದ ಪುಟದಲ್ಲಿ ನನ್ನದೇ ಅಕ್ಷರ: ಹಾಳು, ಹಾಳು, ಹಾಳು. ಒಂಬತ್ತು ಕ್ಯಾಸೆಟ್. ಎದುರಿಗೆ ಒಂದು ಟಿಪ್ಪಣಿ: ಪುನಃ ಬಳಸಲು ನಾದಿನಿಗೆ ಕೊಟ್ಟೆ.

ಹಾಳು ಎಂದು ಬರೆದ ಒಂಬತ್ತರಲ್ಲಿ ಮಾತ್ರ ಅವಳಿದ್ದಾಳೆ.

ಮಾರ್ಚ್ 27, ಗುರುವಾರ

ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ನಾದಿನಿಯ ಮನೆಗೇ ಹೋದೆ. ಅವಳು ಶೀಘ್ರಲಿಪಿ, ಅಂದರೆ ಶಾರ್ಟ್‌ಹ್ಯಾಂಡ್ ಕಲಿಸುವವಳು. ಉಕ್ತಲೇಖನ ಕೊಡಲೆಂದು ಆಗ ಕ್ಯಾಸೆಟ್ ಒಯ್ದಿದ್ದಳು. ಅಂದರೆ ಅವುಗಳ ಮೇಲೆ ಪತ್ರಗಳನ್ನು ಓದಿ ತುಂಬಿಸಿರುತ್ತಾಳೆ. ಗೊತ್ತಿದ್ದೂ, ಆ ಕ್ಯಾಸೆಟ್ ಇನ್ನೂ ಇವೆಯಾ ಎಂದು ಕೇಳಿದೆ.

“ಯಾಕೆ ಭಾವ, ಈಗ?”

ಹೇಳಿದೆ. ಹೆಜ್ಜೆ, ಚಪ್ಪಲಿ, ವಾಲ್ವ್, ಬದಲಿಸಿ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದೆ. ಅವಳು ನೆಲ ನೋಡುತ್ತ ಕೇಳಿದಳು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕಂಗೆ ಗೊತ್ತಿತ್ತು” ಎಂದಳು.

“ಏನು ಗೊತ್ತಿತ್ತು?”

“ಹಳೇ ವಾಲ್ವ್ ಡಬ್ಬಿ ಮೇಲೆ ನೀವೇ ಬರೆದಿಟ್ಟಿದ್ರಂತಲ್ಲ, ಹೆಜ್ಜೆ ಕೇಳುವ ವಾಲ್ವ್, ಬದಲಿಸಿದೆ ಅಂತ. ಆ ಕಪಾಟಿನ ಧೂಳು ಹೊಡೀತಿದ್ದವರು ಯಾರು ಭಾವ, ನೀವಾ? ಅವತ್ತೇ ಓದಿದ್ಲು. ಹೋಗಿ ಮುಖಕ್ಕೆ ಹೊಡೆದ ಹಾಗೆ ಕೇಳೇ ಅಂದೆ ನಾನು. ಬಿಡೇ, ಕೇಳಿದ್ರೆ ಅವ್ರಿಗೆ ನಾಚ್ಕೆ ಆಗುತ್ತೆ, ಅವ್ರಾಗೇ ಹೇಳ್ತಾರೆ ಅಂದ್ಲು.”

ಅವರಾಗೇ ಹೇಳುತ್ತಾರೆ ಎಂದು ಹತ್ತೊಂಬತ್ತು ವರ್ಷ ಕಾದಿದ್ದಾಳೆ.

“ಅವಳಿಗೆ ನಿಮ್ಮ ಮೇಲೆ ಕೋಪ ಇರ್ಲಿಲ್ಲ. ನಂಗಿದೆ” ಎಂದಳು ನಾದಿನಿ. ಆಮೇಲೆ ಅಟ್ಟದಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ಇಳಿಸಿ ಕೈಗೆ ಕೊಟ್ಟಳು. ಮೆಟ್ಟಿಲು ಇಳಿಯುವಾಗ, “ಬಿದ್ದೀರಿ, ನೋಡ್ಕೊಂಡು ಇಳೀರಿ” ಎಂದು ಹಿಂದಿನಿಂದ ಕೂಗಿದಳು. ದನಿ ಥೇಟ್ ಅಕ್ಕನದೇ.

ಮಾರ್ಚ್ 30, ಭಾನುವಾರ

ಒಂಬತ್ತರಲ್ಲಿ ಎಂಟು ಹೋದವು. ಒಂದೊಂದು ಹಾಕಿದಾಗಲೂ ಉಸಿರು ಬಿಗಿಹಿಡಿದು ಕೂರುವುದು, ನಾದಿನಿ ಶುರು ಮಾಡುವುದು: “ಮಾನ್ಯರೇ, ಅಲ್ಪವಿರಾಮ, ತಾವು ಕಳಿಸಿದ ಕುರ್ಚಿಗಳಲ್ಲಿ ಆರಕ್ಕೆ ಕಾಲುಗಳೇ ಇಲ್ಲದಿರುವುದನ್ನು ವಿಷಾದದಿಂದ ತಿಳಿಸುತ್ತೇವೆ, ಪೂರ್ಣವಿರಾಮ.” ಎಂಟು ಕ್ಯಾಸೆಟ್ ತುಂಬ ಕಾಲಿಲ್ಲದ ಕುರ್ಚಿ, ಬಾರದ ಪಾರ್ಸೆಲ್ಲು, ಮಂಜೂರಾಗದ ರಜೆ. ಇಂಥ ಹೊತ್ತಿನಲ್ಲೂ ಒಮ್ಮೆ ನಗು ಬಂತು. ನಕ್ಕ ಮೇಲೆ ಅತ್ತೆ. ಸತ್ತ ದಿನ ಅತ್ತಿರಲಿಲ್ಲ.

ಒಂಬತ್ತನೆಯದು ತಿರುಗುವುದೇ ಇಲ್ಲ. ಟೇಪು ಒಳಗೆ ಸಿಕ್ಕಿಕೊಂಡು ಮುದ್ದೆಯಾಗಿದೆ. ಅದಕ್ಕೇ ನಾದಿನಿಗೆ ಅದರ ಮೇಲೆ ಏನೂ ತುಂಬಿಸಲಾಗಿಲ್ಲ. ನೋಟ್‌ಬುಕ್ಕಿನಲ್ಲಿ ನೋಡಿದೆ: ‘ಪಿಟೀಲು, ಮೊದಲ ಬದಿ. ಎರಡನೇ ನಿಮಿಷಕ್ಕೆ ಹೆಜ್ಜೆ. ಹಾಳು.’ ಇಳಿಸಿದ ಮೇಲೆ ಹಾಕಿ ನೋಡುವಾಗ ಹೆಜ್ಜೆ ಕೇಳಿದ ಕೂಡಲೇ ಸಿಟ್ಟಿನಿಂದ ನಿಲ್ಲಿಸಿರಬೇಕು. ಮುಂದಕ್ಕೆ ಕೇಳಿದ ನೆನಪಿಲ್ಲ.

ಏಪ್ರಿಲ್ 2, ಬುಧವಾರ

ಎರಡು ದಿನ ಹಿಡಿಯಿತು. ಡಬ್ಬಿಯ ಕೀಲು ಕತ್ತರಿಸಿ, ಟೇಪನ್ನು ಒಂದೊಂದೇ ಅಂಗುಲ ಬಿಡಿಸಿ, ಹತ್ತಿಬಟ್ಟೆಯ ಮೇಲೆ ನೇವರಿಸಿ ನೆಟ್ಟಗೆ ಮಾಡಿ, ಬೇರೆ ಡಬ್ಬಿಗೆ ಸುತ್ತಿದೆ. ಮೂವತ್ತು ವರ್ಷದಲ್ಲಿ ಒಂದು ಟೇಪಿಗೂ ಎರಡು ದಿನ ಕೊಟ್ಟವನಲ್ಲ.

ಮುಗಿದಿದೆ. ಮೇಜಿನ ಮೇಲಿದೆ. ಹಾಕಲು ಧೈರ್ಯ ಬರುತ್ತಿಲ್ಲ. ಹಾಕುವವರೆಗೆ ಅದರಲ್ಲಿ ಅವಳ ದನಿ ಇರಬಹುದು.

ಏಪ್ರಿಲ್ 5, ಶನಿವಾರ

ಕೇಳಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡುತ್ತೇನೆ.

ಪಿಟೀಲು ಶುರುವಾಗುತ್ತದೆ. ಎರಡನೇ ನಿಮಿಷ ಕಳೆದ ಮೇಲೆ ಠಿಂಗ್ ಎಂದು ಮೊದಲ ಹೆಜ್ಜೆ. ಏಳು ಹೆಜ್ಜೆ, ಒಂದರ ಹಿಂದೊಂದು, ಹತ್ತಿರ ಹತ್ತಿರ ಬಂದಂತೆ ದೊಡ್ಡದಾಗುತ್ತವೆ. ಎಡಗಾಲು ಚೂರು ಜೋರು. ಅವಳು ಎಡಗಾಲು ಊರುವುದೇ ಹಾಗೆ, ಮರೆತೇಹೋಗಿತ್ತು ನನಗೆ. ಏಳನೆಯದಾದ ಮೇಲೆ ಸದ್ದಿಲ್ಲ. ನಾನು ಅಂಗೈ ಎತ್ತಿರಬೇಕು.

ಆಮೇಲೆ ಬರೀ ಪಿಟೀಲು. ಮುಂದಕ್ಕೆ ಓಡಿಸದೆ ಪೂರ್ತಿ ಕೇಳಿದೆ, ಒಂದೇ ಒಂದು ಠಿಂಗ್ ಇಲ್ಲ. ಇಪ್ಪತ್ತೆರಡನೇ ನಿಮಿಷಕ್ಕೆ ಬದಿ ಮುಗಿದು ಮುಳ್ಳು ಎತ್ತಿದ ಸದ್ದು. ಟೇಪು ಇನ್ನೂ ಓಡುತ್ತಿದೆ. ಆಗ ಮತ್ತೆ ಹೆಜ್ಜೆ ಶುರುವಾಗುತ್ತದೆ. ನಾಲ್ಕೇ ನಾಲ್ಕು. ಮೇಜಿನ ಮೇಲೆ ಏನೋ ಇಟ್ಟ ಸದ್ದು, ಪಿಂಗಾಣಿಯದು.

ಆಮೇಲೆ ಒಂದು ದನಿ. ಡಬ್ಬಿಯೊಳಗಿಂದ ಬಂದ ಹಾಗಿದೆ, ಆದರೆ ಒಂದೊಂದು ಮಾತೂ ಸ್ಪಷ್ಟ:

“ಮತ್ತೆ ಆರಿದ ಚಹಾನಾ? ಬಿಸಿಯಾಗಿ ಒಂದ್ ದಿನಾನೂ ತರೋಕಾಗಲ್ವಾ ನಿಂಗೆ?”

ಅದು ನನ್ನ ದನಿ.

ಮುಂದೆ ನಾಲ್ಕು ಸೆಕೆಂಡು ಏನೂ ಇಲ್ಲ. ಅಲ್ಲಿ ಅವಳು ಏನೋ ಹೇಳಿದ್ದಾಳೆ. ಹೇಳದೆ ಇರುವವಳಲ್ಲ. ಮೆತ್ತಗಿನ ದನಿ ಅವಳದು, ವಾಲ್ವ್‌ಗೆ ಮುಟ್ಟಿಲ್ಲ. ಆಮೇಲೆ ಹನ್ನೊಂದು ಹೆಜ್ಜೆ, ದೂರ ದೂರ ಹೋಗುತ್ತವೆ. ಟೇಪು ನಿಲ್ಲುತ್ತದೆ.

ಅಡುಗೆಮನೆಯ ಬಾಗಿಲಿನಿಂದ ನನ್ನ ಮೇಜಿಗೆ ನಡೆದು ನೋಡಿದೆ. ಅವಳ ಹೆಜ್ಜೆಯಷ್ಟೇ ಚಿಕ್ಕದಾಗಿ ಇಟ್ಟು ಎರಡು ಸಲ ಎಣಿಸಿದೆ. ಹನ್ನೊಂದು. ಏಳೂ ನಾಲ್ಕೂ ಹನ್ನೊಂದು.

ಕೈ ಎತ್ತಿದರೆ ಅವಳು ವಾಪಸ್ ಹೋಗುತ್ತಾಳೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅವಳು ಹೋಗಿಲ್ಲ. ಹೋಗಲೂ ಏಳು ಹೆಜ್ಜೆ ಇಡಬೇಕು, ಅದೂ ಸದ್ದಾಗುತ್ತದೆ. ನಡುಮನೆಯಲ್ಲಿ ನನ್ನ ಬೆನ್ನ ಹಿಂದೆ ಚಹಾ ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದಾಳೆ. ಅದೊಂದೇ ದಿನವೇ? ಚಹಾ ಪ್ರತಿದಿನವೂ ಆರಿರುತ್ತಿತ್ತು.

ಏಪ್ರಿಲ್ 6, ಭಾನುವಾರ

ಆ ನಾಲ್ಕು ಸೆಕೆಂಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ದನಿ ಏರಿಸಿ ಕೇಳಿದೆ, ಹೆಡ್‌ಫೋನ್ ಹಾಕಿ ಕೇಳಿದೆ. ಟೇಪಿನ ಗಾಳಿಸದ್ದು ಬಿಟ್ಟು ಇನ್ನೇನೂ ಇಲ್ಲ. ಸಾಕು ಎಂದು ಎದ್ದೆ, ಮತ್ತೆ ಕೂತೆ.

ನೋಟ್‌ಬುಕ್ಕಿನಲ್ಲಿ ‘ಹಾಳು’ ಎಂಬುದನ್ನು ಹೊಡೆದುಹಾಕಿದೆ. ಅದರ ಬದಲು ಏನು ಬರೆಯಬೇಕೋ ತಿಳಿಯಲಿಲ್ಲ.

ಏಪ್ರಿಲ್ 9, ಬುಧವಾರ

ಕೆಳಗೆ ಹೋಗಿ ಟೈಲರ್‌ಗೆ ಮೆಷಿನ್ ಓಡಿಸು ಎಂದೆ. ಅವನು ನಂಬಲಿಲ್ಲ.

“ಮೇಲೆ ಅದುರುತ್ತೆ ಯಜಮಾನ್ರೇ.”

“ಅದುರ್ಲಿ ಬಿಡು. ಮನೆ ಅಂದ್ಮೇಲೆ ಅದುರುತ್ತೆ.”

ಅವನು ಹೆದರುತ್ತಲೇ ಪೆಡಲ್ ಒತ್ತಿದ. ಮೇಲೆ ಬಂದಾಗ ಸ್ಪೀಕರ್ ಗುಯ್‌ಗುಟ್ಟುತ್ತಿತ್ತು. ವಾಲ್ವ್ ಇನ್ನೂ ಬದಲಿಸಿಲ್ಲ. ಸ್ವಲ್ಪ ಹೊತ್ತಿಗೆ ನಾದಿನಿಯ ಫೋನ್ ಬಂತು.

“ಏನ್ ಭಾವ ಅದು ಸದ್ದು? ನಿಮ್ಮನೇಲಿ?” ಎಂದಳು.

ಹೊಲಿಗೆ ಮೆಷಿನ್ ಎಂದೆ. ಟೇಪಿನಲ್ಲಿ ಏನಿತ್ತು ಎಂದು ಕೇಳಿದಳು. ಅವಳ ಅಕ್ಕನ ಹೆಜ್ಜೆ ಇದೆ, ಬಂದು ಕೇಳು ಎಂದೆ. ನನ್ನ ದನಿಯೂ ಇದೆ, ಅದನ್ನೂ ಕೇಳಬೇಕಾಗುತ್ತದೆ ಎಂದೆ. ಭಾನುವಾರ ಮಧ್ಯಾಹ್ನದ ಮೇಲೆ ಬರುತ್ತಾಳಂತೆ.

ಏಪ್ರಿಲ್ 13, ಭಾನುವಾರ

ನಾದಿನಿ ಬರುವ ಮೊದಲು ಒಂದು ಪರೀಕ್ಷೆ ಮಾಡುವುದಿತ್ತು. ಬೆಳಗ್ಗೆ ಆಂಪ್ಲಿಫೈಯರ್ ಹಚ್ಚಿದೆ, ರೆಕಾರ್ಡ್ ಹಾಕಲಿಲ್ಲ. ಚಹಾ ಮಾಡಿ, ಹೆಂಡತಿ ತರುತ್ತಿದ್ದ ಬಟ್ಟಲಿಗೇ ಬಗ್ಗಿಸಿ ತಟ್ಟೆಯ ಮೇಲಿಟ್ಟುಕೊಂಡು, ಅಡುಗೆಮನೆಯ ಬಾಗಿಲಿನಿಂದ ಹೊರಟೆ. ಏಳು ಹೆಜ್ಜೆಗೆ ಸ್ಪೀಕರ್ ಏಳು ಸಲ ಠಿಂಗ್ ಎಂದಿತು. ನಿಂತೆ. ಕೈಗಡಿಯಾರ ನೋಡಿಕೊಂಡೆ.

ನಾಲ್ಕನೇ ನಿಮಿಷಕ್ಕೆ ಬೆರಳು ಸುಡುತ್ತದೆ, ಬಟ್ಟಲನ್ನು ಕೈ ಬದಲಿಸಬೇಕಾಗುತ್ತದೆ, ತಟ್ಟೆ ಕಿಣಿಕಿಣಿ ಎನ್ನದ ಹಾಗೆ. ಎಂಟಕ್ಕೆ ಮಣಿಕಟ್ಟು ನೋಯುತ್ತದೆ. ಹತ್ತಕ್ಕೆ ಚಹಾದ ಮೇಲೆ ಕೆನೆ ಕಟ್ಟುತ್ತದೆ. ಹದಿಮೂರಕ್ಕೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಬೇಕೆನಿಸುತ್ತದೆ, ಹಾಕಿದರೆ ಹಲಗೆ ಕಿರ್ರೆನ್ನುತ್ತದೆ. ಹಾಕಲಿಲ್ಲ. ಅಲ್ಲಿ ನಿಂತರೆ ಕಿಟಕಿ ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ನನ್ನ ಕುರ್ಚಿಯ ಬೆನ್ನೊಂದೇ ಕಾಣುತ್ತದೆ. ಇಪ್ಪತ್ತು ನಿಮಿಷ ಅದನ್ನೇ ನೋಡಿದೆ. ಹದಿನೇಳನೇ ನಿಮಿಷಕ್ಕೆ ಕಣ್ಣು ಮಂಜಾಗಿ ಗಡಿಯಾರ ಕಾಣಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ.

ಆಮೇಲೆ ನಾಲ್ಕು ಹೆಜ್ಜೆ ನಡೆದು ಬಟ್ಟಲನ್ನು ಮೇಜಿನ ಮೇಲಿಟ್ಟೆ. ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿ ಕೂತು ಕುಡಿದೆ. ಪೂರ್ತಿ ಆರಿತ್ತು.

“ಚೆನ್ನಾಗಿದೆ ಕಣೇ” ಎಂದೆ, ವಾಲ್ವ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ.